ಫ್ರಾನ್ಸ್ ಸೋತಿದ್ದು ಗೋಲ್‌ಕೀಪರ್ ಕುಣಿತಕ್ಕಲ್ಲ

2022ರ ಫುಟ್ಬಾಲ್ ವಿಶ್ವಕಪ್ ಫೈನಲ್‌ನ ಒಂದು ವಿಡಿಯೊ ಮತ್ತೆ ಹರಿದಾಡುತ್ತಿದೆ. ಅರ್ಜೆಂಟೀನಾದ ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಜ್ ಕುಣಿದು, ಕೆಣಕಿದ್ದಕ್ಕೇ ಫ್ರಾನ್ಸ್ ಸೋತಿತಂತೆ. ಅದಕ್ಕೇ ಈಗ ಗೋಲಿಗಳು (ಗೋಲ್‌ಕೀಪರ್‌ಗಳು) ಕುಣಿಯುವಂತಿಲ್ಲವಂತೆ. ಎರಡೂ ಅರ್ಧ ಸತ್ಯ.

ಅವತ್ತಿನ ಶೂಟೌಟ್, ಅಂದರೆ ಪಂದ್ಯ ಸಮವಾದ ಮೇಲೆ ಗೆದ್ದವರಾರೆಂದು ತೀರ್ಮಾನಿಸಲು ಹೊಡೆಸುವ ಪೆನಾಲ್ಟಿಗಳನ್ನು ನೆನಪಿಸಿಕೊಳ್ಳಿ. ಫ್ರಾನ್ಸ್‌ನ ಕೋಮನ್ ಹೊಡೆದದ್ದನ್ನು ಮಾರ್ಟಿನೆಜ್ ತಡೆದ. ಚುವಾಮೆನಿ ಬರುವ ಮೊದಲು ಚೆಂಡನ್ನು ದೂರ ಎಸೆದ, ಆ ಹುಡುಗನ ಕಿಕ್ ಹೊರಗೆ ಹೋಯಿತು. ವಿಡಿಯೊ ತೋರಿಸುವುದು ಇಷ್ಟೇ. ಆದರೆ ಇದೇ ಮಾರ್ಟಿನೆಜ್ ಎದುರು ಎಂಬಾಪೆ ಪಂದ್ಯದಲ್ಲಿ ಎರಡು, ಶೂಟೌಟ್‌ನಲ್ಲಿ ಒಂದು ಪೆನಾಲ್ಟಿ ಗೋಲು ಹೊಡೆದಿದ್ದ. ಕೊಲೊ ಮುವಾನಿಯೂ ತಪ್ಪಲಿಲ್ಲ. ಕುಣಿತದಲ್ಲೇ ಮಾಟ ಇದ್ದಿದ್ದರೆ ಇವರಿಗೂ ತಟ್ಟಬೇಕಿತ್ತು, ಅಲ್ವಾ?

ಹಾಗಂತ ಪರಿಣಾಮವೇ ಇಲ್ಲ ಅನ್ನುತ್ತಿಲ್ಲ. ಎಲ್ಲಿ ಹೊಡೆಯಬೇಕೆಂದು ಮೊದಲೇ ತೀರ್ಮಾನಿಸಿ ಬಂದವನಿಗೆ ಗೋಲಿಯ ಆಟ ಕಾಣುವುದೇ ಕಡಿಮೆ. ಗೋಲಿ ಯಾವ ಕಡೆ ವಾಲುತ್ತಾನೆಂದು ಕೊನೆವರೆಗೂ ನೋಡುವವನ ಕಣ್ಣು ಮಾತ್ರ ಅವನ ಮೇಲೇ ಇರುತ್ತದೆ. ಕೆಣಕಾಟ ಜಾಸ್ತಿ ನಾಟುವುದು ಅಲ್ಲಿ. 1984ರಲ್ಲಿ ರೋಮ್‌ನಲ್ಲಿ ಲಿವರ್‌ಪೂಲ್‌ನ ಗೋಲಿ ಗ್ರೋಬೆಲಾರ್ ಕಾಲು ನಡುಗಿಸಿ ನಾಟಕ ಆಡಿದಾಗ ರೋಮಾ ತಂಡದ ಗ್ರಾಜಿಯಾನಿ ಪೆನಾಲ್ಟಿ ತಪ್ಪಿದ್ದು ನಿಜ. ನಾಟಕದಿಂದಲೇ ತಪ್ಪಿದನೇ? ತವರಿನ ಜನರ ಮುಂದೆ ಯುರೋಪಿಯನ್ ಕಪ್ ಫೈನಲ್ ಅಂದರೆ ಆ ಒತ್ತಡವೇನು ಕಡಿಮೆಯೇ!

ಇನ್ನು ನಿಯಮ. 2023ರಲ್ಲಿ ಬದಲಾದದ್ದು ಹೌದು. ಕಿಕ್ ತಡ ಮಾಡಿಸುವುದು, ಕಂಬ, ಅಡ್ಡಪಟ್ಟಿ, ಬಲೆ ಮುಟ್ಟುವುದು, ಹೀಗೆ ಅನ್ಯಾಯವಾಗಿ ಗಮನ ಕೆಡಿಸುವಂತಿಲ್ಲ. ಗೆರೆಯ ಮೇಲೆ ಅತ್ತಿತ್ತ ಓಡಾಡಿದರೆ ತಪ್ಪು ಎಂದು ಅದರಲ್ಲಿಲ್ಲ.