ಸ್ಯಾಂಟೊರಿನಿ ಅಂದ್ರೆ ಬರೀ ಸನ್‌ಸೆಟ್ ಅಲ್ಲ
ನಿಮ್ಮ ಪ್ರವಾಸ ಲೇಖನದಲ್ಲಿ ಗ್ರೀಸ್‌ನ ಸ್ಯಾಂಟೊರಿನಿ ದ್ವೀಪ ಅಂದ್ರೆ ಬಿಳಿ ಮನೆ, ನೀಲಿ ಗುಮ್ಮಟ, ಓಯಾ ಹಳ್ಳಿಯ ಸನ್‌ಸೆಟ್ ಅಂತಷ್ಟೇ ಬರ್ದು ಮುಗ್ಸಿಬಿಟ್ಟಿದೀರಲ್ಲ ಸರ್, ಆ ದ್ವೀಪ ನಿಂತಿರೋದೇ ಜ್ವಾಲಾಮುಖಿ ಬಾಯಿ ಅಂಚಲ್ಲಿ, ಅದಕ್ಕೆ ಒಂದು ಪ್ಯಾರಾ ಆದ್ರೂ ಕೊಡ್ಬೇಕಿತ್ತು. ಕ್ರಿ.ಪೂ. 1600ರ ಆಸುಪಾಸಲ್ಲಿ ಆದ ಸ್ಫೋಟದ ಬೂದಿ ಅಡೀಲಿ ಮುಚ್ಚಿಹೋಗಿದ್ದ ಅಕ್ರೊತಿರಿ ಊರನ್ನ 1967ರಿಂದ ಅಗೆದು ತೆಗ್ದಿದಾರೆ, ಎರಡ್ಮೂರು ಅಂತಸ್ತಿನ ಮನೆ, ಚರಂಡಿ, ಗೋಡೆ ಮೇಲಿನ ಚಿತ್ರ ಎಲ್ಲಾ ಸಿಕ್ಕಿದೆ ಆದ್ರೆ ಸ್ಫೋಟದಲ್ಲಿ ಸತ್ತವರ ಹೆಣ ಮಾತ್ರ ಇಲ್ಲ, ಮೊದ್ಲು ಭೂಕಂಪ ಆದಾಗ್ಲೇ ಜನ ಜಾಗ ಖಾಲಿ ಮಾಡಿದ್ರು ಅಂತಾರೆ. ಅಗೆದ ಜಾಗಕ್ಕೆ ಪೂರ್ತಿ ಚಾವಣಿ ಹಾಕಿದಾರೆ, ಮಟಮಟ ಮಧ್ಯಾಹ್ನಾನೂ ಆರಾಮಾಗಿ ನೋಡ್ಬೋದು. ಬೋಟಲ್ಲಿ ನೇಯಾ ಕಮೇನಿಗೂ ಹೋಗಿ, ಬರೀ ಕರಿ ಲಾವಾ ಕಲ್ಲಿನ ದ್ವೀಪ, ಕೊನೇ ಸಲ ಸಿಡಿದಿದ್ದು 1950ರಲ್ಲಿ, ಈಗ್ಲೂ ಅಲ್ಲಲ್ಲಿ ಗಂಧಕದ ವಾಸ್ನೆ ಹೊಡಿಯುತ್ತೆ. ಚಪ್ಲೀಲಿ ಹೋಗ್ಬೇಡಿ ಶೂನೇ ಬೇಕು, ನೀರು ಟೋಪಿ ಮರೀಬೇಡಿ, ನೆರಳು ಅನ್ನೋದೇ ಇಲ್ಲ. ಆಮೇಲೆ ಹಳೇ ಬಂದರಿಂದ ದ್ವೀಪದ ಮುಖ್ಯ ಊರು ಫಿರಾಗೆ ಕತ್ತೆ ಸವಾರಿ ಮಜಾ ಅಂತ ಬರ್ದಿರೋದು ಒಪ್ಪಲ್ಲ, ಆ ಬಿಸಿಲಲ್ಲಿ 500ಕ್ಕೂ ಹೆಚ್ಚು ಮೆಟ್ಲು ಜನರನ್ನ ಹೊತ್ಕೊಂಡು ಹತ್ಬೇಕು ಪಾಪ, ಕೇಬಲ್ ಕಾರ್ ಇದೆಯಲ್ಲ ಅದ್ರಲ್ಲಿ ಹೋಗಿ.