ಟೋಪಿಯೊಳಗಿನ ‘ಆರ್ 4127’: ಒಂದು ಸ್ಪಷ್ಟನೆ

ಕೋಲಾರ, ಚಿಕ್ಕಬಳ್ಳಾಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಳೆಯ ಅಮೆರಿಕನ್ ಸೈನಿಕ ಟೋಪಿಯ ಚಿತ್ರವೊಂದು ಓಡಾಡುತ್ತಿದೆ. ‘ಆರ್ 4127 ಎಂದು ಹುಡುಕಿದರೆ ಸೈನಿಕನ ಹೆಸರು ಸಿಗುತ್ತದೆ, 1942 ಅವನು ಸೇನೆ ಸೇರಿದ ವರ್ಷ’ ಎಂಬ ಒಕ್ಕಣೆ ಜೊತೆಗಿದೆ. ಎರಡೂ ತಪ್ಪು.

ಮುದ್ರಿತ ಚೀಟಿಯಲ್ಲಿರುವ 1942 ತಯಾರಿಕೆಯ ಗುತ್ತಿಗೆಗೆ ಸೇರಿದ್ದು. ಪಕ್ಕದ 6⅞ ಅಳತೆ, ಅಂದರೆ ಸುಮಾರು 55 ಸೆಂ.ಮೀ. ತಲೆಸುತ್ತು.

ಶಾಯಿಯಲ್ಲಿ ಬರೆದ ‘ಆರ್ 4127’ ಧೋಬಿ ಗುರುತು, ಅಂದರೆ ಒಗೆಯಲು ಕೊಟ್ಟ ಬಟ್ಟೆ ಯಾರದೆಂದು ತಿಳಿಸುವ ಗುರುತು. ಅಮೆರಿಕದ ಸೇನೆಯಲ್ಲಿ ಕುಲನಾಮದ ಮೊದಲ ಅಕ್ಷರ, ಸೇವಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಬರೆಯುತ್ತಿದ್ದರು. ಆಗ ಸೇವಾ ಸಂಖ್ಯೆ ಸಾಮಾನ್ಯವಾಗಿ ಎಂಟು ಅಂಕಿಯದಾಗಿತ್ತು. ಪ್ರತಿ ಹತ್ತು ಸಾವಿರಕ್ಕೊಮ್ಮೆ 4127 ಮರಳಿ ಬರುತ್ತದೆ. ಅಮೆರಿಕದ ರಾಷ್ಟ್ರೀಯ ದಾಖಲೆಗಾರದ ಸೇರ್ಪಡೆ ಪಟ್ಟಿಯಲ್ಲೇ ಸುಮಾರು 90 ಲಕ್ಷ ನಮೂದುಗಳಿವೆ. ಆದ್ದರಿಂದ ಸಿಗುವುದು ಹೆಸರಲ್ಲ, ಹೆಸರುಗಳ ಪಟ್ಟಿ. ಅದನ್ನು ಕಿರಿದಾಗಿಸಲು ಟೋಪಿಯ ಜೊತೆ ಬಂದ ಪತ್ರ, ಪೆಟ್ಟಿಗೆ, ಘಟಕದ ಚಿಹ್ನೆ ಬೇಕು. ಚಿಹ್ನೆಯೊಂದನ್ನೇ ನಂಬಬೇಡಿ, ಅದನ್ನು ಯಾರು ಬೇಕಾದರೂ ಬದಲಿಸಬಹುದು. ಹೆಸರು ಖಚಿತವಾದರೂ ಸೇವಾ ಕಡತ ಇಲ್ಲದಿರಬಹುದು: 1973ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಸೇನಾ ದಾಖಲೆ ಕೇಂದ್ರಕ್ಕೆ ಬಿದ್ದ ಬೆಂಕಿಯಲ್ಲಿ 1912–1960ರ ನಡುವೆ ಬಿಡುಗಡೆಯಾದ ಭೂಸೈನಿಕರ ಸುಮಾರು 80% ಕಡತಗಳು ಸುಟ್ಟುಹೋದವು.

ಅಂಕಿ ಮಾಸಿದ್ದರೆ ಟೋಪಿ ಒಗೆಯಬೇಡಿ, ಶಾಯಿ ಹರಡುತ್ತದೆ. ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿದು ಫೋಟೊ ತೆಗೆದು, ಕಪ್ಪು-ಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸಿ. 1 ಮತ್ತು 7, 3 ಮತ್ತು 8 ಅದಲುಬದಲಾಗುವುದು ಹೆಚ್ಚು; ಅನುಮಾನವಿದ್ದರೆ ಎರಡನ್ನೂ ಹುಡುಕಿ. ಸವೆದ ಎಳೆಗಳ ಮೇಲೆ ಶಾಯಿ ಹೊಸದಾಗಿ ಕೂತಿದ್ದರೆ ಬೆಲೆ ಏರಿಸಲು ಆಮೇಲೆ ಬರೆದಿರುವ ಸಾಧ್ಯತೆಯೇ ಜಾಸ್ತಿ.