ಸ್ಪಷ್ಟನೆ: ಬೇಗ ಮುಗಿಸಿದ ಪದವಿ ಅಪೂರ್ಣವಲ್ಲ

ಅಮೆರಿಕದ ಕಾಲೇಜುಗಳಲ್ಲಿ ನಾಲ್ಕು ವರ್ಷ ಪೂರ್ತಿ ಓದದೆ ಬೇಗ ಮುಗಿಸಿದವರ ಪದವಿಗೆ ಪೂರ್ಣ ಮಾನ್ಯತೆಯಿಲ್ಲ ಎಂಬ ಸಂದೇಶ ಹರಿದಾಡುತ್ತಿದೆ, ಅದು ತಪ್ಪು. ಅಲ್ಲಿ ಪದವಿಗೆ ಆಧಾರ ವರ್ಷಗಳಲ್ಲ, ಪ್ರತಿ ಕೋರ್ಸ್ ಪೂರೈಸಿದಾಗ ಲೆಕ್ಕಕ್ಕೆ ಸೇರುವ ಕ್ರೆಡಿಟ್‌ಗಳು. ಸೆಮಿಸ್ಟರ್ ಪದ್ಧತಿಯ ಬಹುತೇಕ ಕಾಲೇಜುಗಳು ಸುಮಾರು 120 ಕ್ರೆಡಿಟ್ ಕೇಳುತ್ತವೆ. ಸೆಮಿಸ್ಟರಿಗೆ 15ರಂತೆ ಎಂಟು ಸೆಮಿಸ್ಟರ್ ಎಂಬ ಲೆಕ್ಕದಿಂದ ನಾಲ್ಕು ವರ್ಷ ರೂಢಿಯಾಗಿದೆ. ಪ್ರೌಢಶಾಲೆಯಲ್ಲೇ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಎಂಬ ಕಾಲೇಜು ಮಟ್ಟದ) ಪರೀಕ್ಷೆ ಬರೆದು ಪಡೆದ ಕ್ರೆಡಿಟ್ ಮತ್ತು ಬೇಸಿಗೆ ತರಗತಿಗಳ ನೆರವಿನಿಂದ ಎಲ್ಲ ಅಗತ್ಯಗಳನ್ನೂ ಬೇಗ ಪೂರೈಸಿದವರಿಗೆ ದೊರೆಯುವುದು ಅದೇ ಪದವಿ. ಕೆಲವು ಕಾಲೇಜುಗಳು ಇತ್ತೀಚೆಗೆ ಆರಂಭಿಸಿರುವ, ಸುಮಾರು 90 ಕ್ರೆಡಿಟ್‌ಗಳ ಪದವಿ ಬೇರೆಯದೇ. ಗೊಂದಲಕ್ಕೆ ಬಹುಶಃ ಅದೇ ಕಾರಣ. ಎಪಿ ಕ್ರೆಡಿಟ್ ಎಷ್ಟು ಒಪ್ಪಬೇಕೆಂಬುದನ್ನು ಸಾಮಾನ್ಯವಾಗಿ ಆಯಾ ಕಾಲೇಜೇ ನಿರ್ಧರಿಸುವುದರಿಂದ ಅಲ್ಲಿನ ಸಲಹೆಗಾರರಲ್ಲಿ ವಿಚಾರಿಸಿ. ಹರಿದಾಡುತ್ತಿರುವ ಆ ತಪ್ಪು ಸಂದೇಶವನ್ನು ನಂಬಿ ಯಾರೂ ಒಂದು ವರ್ಷದ ಶುಲ್ಕವನ್ನು ವೃಥಾ ತೆರಬಾರದು. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ.